ಎಳೆಗೂಸಿನ ನೆತ್ತಿಯಲ್ಲಿ ರಕ್ತದ ಸದ್ದು

ಸಿ.ವಿ. ರಾಮನ್ ನಗರದ ಆಸ್ಪತ್ರೆಯೊಂದರ ಶಿಶು ನಿಗಾ ಘಟಕ. ಏಳು ತಿಂಗಳಿಗೇ ಹುಟ್ಟಿದ ಕೂಸಿನ ನೆತ್ತಿಗೆ ವೈದ್ಯೆ ಜೆಲ್ ಸವರಿ ಡಾಪ್ಲರ್ ಪ್ರೋಬ್ ಇಟ್ಟರು. ತೆರೆಯ ಮೇಲೆ ಅಲೆ ಎದ್ದಿತು: ಹೃದಯ ಹಿಂಡಿದಾಗ ಚೂಪು ತುದಿ, ಸಡಿಲಿದಾಗ ಇಳಿಜಾರು. ಜೊತೆಗೇ ಸರ್ ಸರ್ ಎಂಬ ಸದ್ದು. ಅದು ಮಿದುಳಿಗೆ ಹರಿಯುವ ರಕ್ತದ್ದು!

ಅಜ್ಜಿಯಂದಿರು ಹರಳೆಣ್ಣೆ ಇಟ್ಟು ಕಾಯುವ ಜಾಗವೇ ಇಲ್ಲಿ ವೈದ್ಯರಿಗೂ ದಾರಿ. ತಲೆಬುರುಡೆ ಶಬ್ದದ ಅಲೆಗಳನ್ನು ತಡೆಯುತ್ತದೆ. ಮೂಳೆ ಇನ್ನೂ ಕೂಡದ ನೆತ್ತಿ ಅವನ್ನು ಒಳಗೆ ಬಿಡುತ್ತದೆ. ಸುಮಾರು ಒಂದೂವರೆ ವರ್ಷಕ್ಕೆ ಅದೂ ಮುಚ್ಚುತ್ತದೆ. ಚಲಿಸುವ ವಸ್ತುವಿನಿಂದ ಬರುವ ಅಲೆಯ ಆವರ್ತನ ಬದಲಾಗುತ್ತದೆಂಬ ನಿಯಮವನ್ನು 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು ಜೋಡಿ ನಕ್ಷತ್ರಗಳ ಬಣ್ಣ ವಿವರಿಸಲು. ಅದೇ ನಿಯಮ ಇಂದು ಅಂಗೈಯಗಲದ ತಲೆಯೊಳಗಿನ ರಕ್ತದ ವೇಗ ಅಳೆಯುತ್ತದೆ. ಭೌತವಿಜ್ಞಾನಿಯ ಹೆಸರಿನ ಬಡಾವಣೆಯಲ್ಲಿ ಇದನ್ನು ಕಂಡದ್ದು ನನಗೆ ಇಮ್ಮಡಿ ಖುಷಿ.

ಈ ಅಳತೆ ಬೇಕಾಗುವುದು ವೆಂಟಿಲೇಟರ್ ಮೇಲಿನ ಕೂಸಿಗೆ ಮಿಡಜೋಲಾಮ್‌ನಂಥ ಮಂಪರಿನ ಮದ್ದು ಕೊಟ್ಟಾಗ. ಕೂಸು ಕೊಸರಾಡುವುದು ನಿಲ್ಲುತ್ತದೆ, ಆದರೆ ರಕ್ತದೊತ್ತಡವೂ ಇಳಿಯಬಹುದು. ದೊಡ್ಡವರ ಮಿದುಳು ಒತ್ತಡ ಏರಿಳಿದರೂ ತನ್ನ ರಕ್ತದ ಹರಿವನ್ನು ಸರಿದೂಗಿಸಿಕೊಳ್ಳುತ್ತದೆ. ಅವಧಿಗೆ ಮುನ್ನ ಹುಟ್ಟಿದ ಎಷ್ಟೋ ಕೂಸುಗಳಿಗೆ ಆ ಶಕ್ತಿ ಬಲಿತಿರುವುದಿಲ್ಲ. ಒತ್ತಡ ಇಳಿದರೆ ಹರಿವೂ ಇಳಿಯುತ್ತದೆ. 32 ವಾರದೊಳಗೆ ಹುಟ್ಟಿದವರ ಮಿದುಳಿನ ಎಳೆ ರಕ್ತನಾಳಗಳು ಒಡೆಯುವುದು ಹೆಚ್ಚಾಗಿ ಮೊದಲ ಮೂರು ದಿನಗಳಲ್ಲಿ. ಮದ್ದು ಮೈಬಿಟ್ಟು ಹೋಗುವುದೂ ಇವರಲ್ಲಿ ನಿಧಾನ.

1999ರ ‘ನೋಪೇನ್’ ಅಧ್ಯಯನದಲ್ಲಿ ಇಂಥ 67 ಶಿಶುಗಳಿದ್ದವು. ಸಾವು ಅಥವಾ ಮಿದುಳಿನ ತೀವ್ರ ಹಾನಿ ಮಿಡಜೋಲಾಮ್ ಪಡೆದವರಲ್ಲಿ ಶೇ 32, ಮದ್ದಿಲ್ಲದ ಬರೀ ದ್ರಾವಣ ಪಡೆದವರಲ್ಲಿ ಶೇ 24, ನೋವು ನಿವಾರಕ ಮಾರ್ಫಿನ್ ಪಡೆದವರಲ್ಲಿ ಶೇ 4. ಇಷ್ಟು ಸಣ್ಣ ಲೆಕ್ಕವನ್ನು ನಾನಂತೂ ಪೂರ್ತಿ ನಂಬಲಾರೆ. 2004ರಲ್ಲಿ 898 ಶಿಶುಗಳ ಅಧ್ಯಯನ ಬಂದಾಗ ಮಾರ್ಫಿನ್ ಮೇಲಿನ ಭರವಸೆಯೂ ಕುಸಿಯಿತು.

ಹಾಗೆಂದು ನೋವನ್ನು ಕಡೆಗಣಿಸುವಂತಿಲ್ಲ. ಮದ್ದು ಬೇಕೇ ಬೇಕಾದ ಹೊತ್ತೂ ಉಂಟು. ಆದರೆ ಹಿಮ್ಮಡಿ ಚುಚ್ಚಿ ರಕ್ತ ತೆಗೆಯುವಂಥ ಕೆಲಸಕ್ಕೆ ನಾಲಿಗೆಗೆ ಸಕ್ಕರೆ ನೀರಿನ ಹನಿ, ತಾಯಿಯ ಎದೆಯ ಶಾಖ ಸಾಮಾನ್ಯವಾಗಿ ಸಾಕಾಗುತ್ತವೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ತಜ್ಞರು ಕೊಪ್ಪಳ ಜಿಲ್ಲೆಯಲ್ಲಿ, ಕೂಸನ್ನು ಎದೆಗವಚಿಕೊಳ್ಳುವ ಈ ಕಾಂಗರೂ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಗಳವರೆಗೂ ಒಯ್ದು ತೋರಿಸಿದ್ದಾರೆ. ಇನ್ನು ಮಂಪರಿನ ಮದ್ದು ಬಳಸುವ ಪ್ರತಿ ಘಟಕದಲ್ಲೂ ಡಾಪ್ಲರ್ ಯಂತ್ರ, ಅದನ್ನು ಓದಬಲ್ಲ ಒಬ್ಬರು ರಾತ್ರಿ ಪಾಳಿಯಲ್ಲೂ ಇರಬೇಕು.