ಸೈನ್ ಹಾಕೋ ಮೊದಲು

ಕುವೈತ್‌ನ ಶುಐಬಾ ಬಂದರಿನ ಕಡೆ ಶಿಫ್ಟ್ ಮುಗಿಸಿ ಕೇಳ್ತಿರೋರಿಗೂ ಇವತ್ತಿನ ವಿಷಯ ದೂರದ್ದಲ್ಲ. ಊರಲ್ಲಿರೋ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ, ಹೊಸ ಔಷಧಿಯ ಸಂಶೋಧನೆಗೆ ಸೇರ್ತೀರಾ ಅಂತ ಆಸ್ಪತ್ರೆಯವರು ಕೇಳಿದ್ದಾರೆ ಅಂದ್ಕೊಳ್ಳಿ. “ಡಾಕ್ಟರ್ ಹೇಳಿದ ಕಡೆ ಸೈನ್ ಹಾಕಪ್ಪ” ಅಂತ ಅಣ್ಣ ಫೋನಲ್ಲೇ ಹೇಳಿಬಿಡೋದು ಸುಲಭ. ಆದರೆ ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಸೆಕ್ಷನ್ ಪ್ರಕಾರ, ರೋಗಿಯೇ ತಿಳಿದು, ಸ್ವಂತ ಇಚ್ಛೆಯಿಂದ ಒಪ್ಪಬೇಕು. ಒಪ್ಪಿಗೆಯನ್ನು ನಡುವೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು.

ಅವನಿಗೆ ಅರ್ಥವಾಗುತ್ತಾ? 2000ದಲ್ಲಿ ಅಮೆರಿಕದ ವಿಲಿಯಂ ಕಾರ್ಪೆಂಟರ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕಿಜೋಫ್ರೇನಿಯಾ ಇರುವ 30 ಜನರನ್ನು 24 ಆರೋಗ್ಯವಂತರ ಜೊತೆ ಹೋಲಿಸಿದರು. ಮೊದಲು ರೋಗಿಗಳು ಹಿಂದಿದ್ದರು. ಭ್ರಮೆಗಳಿಗಿಂತ ಗಮನ, ನೆನಪಿನಂಥ ತೊಂದರೆಗಳೇ ಇದಕ್ಕೆ ಹೆಚ್ಚು ಕಾರಣ. ಕಡಿಮೆ ಅಂಕ ಬಂದವರಿಗೆ ಮತ್ತೆ ಬಿಡಿಸಿ ಹೇಳಿಕೊಟ್ಟ ಮೇಲೆ ಅವರೂ ಆರೋಗ್ಯವಂತರ ಮಟ್ಟಕ್ಕೇ ಬಂದರು.

ಹಾಗಾಗಿ ತಮ್ಮನಿಗೆ ಸ್ವಲ್ಪ ಸ್ವಲ್ಪವಾಗಿ, ಮನೆಮಾತಲ್ಲಿ ಹೇಳಿ. “ಅರ್ಥ ಆಯ್ತಾ?” ಅಂದರೆ ಯಾರಾದರೂ “ಹೂಂ” ಅಂತಾರೆ. “ನೀನೇ ಹೇಳು, ಇದರಲ್ಲಿ ಏನು ಮಾಡ್ತಾರೆ? ಬೇಡ ಅಂದ್ರೆ ಈಗಿನ ಮಾತ್ರೆ ನಿಲ್ಲಿಸ್ತಾರಾ?” ಅಂತ ಕೇಳಿ. ‘ಇಲ್ಲ, ನಿಲ್ಲಿಸಲ್ಲ’ ಅಂತ ಅವನ ಬಾಯಲ್ಲೇ ಬಂದ ಮೇಲೆ ಪೆನ್ನು ಕೊಡಿ.