ಹಳೇ ಕಾರಿನ ಹೆಡ್‌ಲೈಟ್: ಬಲ್ಬಿಗಿಂತ ಮೊದಲು ವೈರ್ ನೋಡಿ
ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಕೆಲಸ, ಊರಿಂದ ತಂದ ಹಳೇ ಮಾರುತಿ 800. ರಾತ್ರಿ ಹೆಡ್‌ಲೈಟ್ ಮಂಕು ಅನ್ನಿಸ್ತಿದೆಯಾ? ಎಲ್‌ಇಡಿ ಬಲ್ಬಿಗೆ ಆತುರ ಬೇಡ.

ಹಳೇ ಕಾರುಗಳಲ್ಲಿ ಬಲ್ಬಿನ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಸ್ವಿಚ್ ಸುತ್ತಿ, ತೆಳು ವೈರಿನಲ್ಲಿ ಬರುತ್ತೆ. ಇಲ್ಲಿ ಸಮುದ್ರ ಬೇರೆ ಹತ್ತಿರ. ಉಪ್ಪುಗಾಳಿಗೆ ಕನೆಕ್ಟರ್, ಅರ್ಥ್ ಪಾಯಿಂಟ್ ಬೇಗ ತುಕ್ಕು ಹಿಡಿಯುತ್ತೆ. ಎರಡರಿಂದಲೂ ಬಲ್ಬಿಗೆ ತಲುಪೋ ವೋಲ್ಟೇಜ್ ಇಳಿಯುತ್ತೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಮ್ಮಿಯಾದರೆ ಬೆಳಕು ಸುಮಾರು ಶೇ. 30ರಷ್ಟು ಇಳಿದುಬಿಡುತ್ತೆ!

ಅದಕ್ಕೇ ರಿಲೇ ವೈರಿಂಗ್ ಹಾಕಿಸಿ. ಬ್ಯಾಟರಿಯಿಂದ ಫ್ಯೂಸ್, ರಿಲೇ ಮೂಲಕ ದಪ್ಪ ವೈರ್ ಸೀದಾ ಬಲ್ಬಿಗೆ. ಹಳೇ ಸ್ವಿಚ್ ರಿಲೇನ ಆನ್ ಮಾಡುತ್ತೆ, ಅಷ್ಟೇ. ಅದೇ 60/55 ವಾಟ್ ಎಚ್4 ಬಲ್ಬ್ ಬೆಳ್ಳಗೆ ಉರಿಯುತ್ತೆ.

100 ವಾಟ್ ಬಲ್ಬ್ ಬೇಡವೇ ಬೇಡ, ಹೋಲ್ಡರ್ ಕರಗೀತು. ಇನ್ನು ಎಲ್‌ಇಡಿ: ಹಳೇ ಹೆಡ್‌ಲೈಟಿನ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟಿಗಾಗಿ. ಬೆಳಕು ಹುಟ್ಟುವ ಜಾಗ ಕೂದಲೆಳೆ ತಪ್ಪಿದರೂ ಎದುರಿಂದ ಬರೋ ಬೈಕ್ ಸವಾರರ ಕಣ್ಣು ಕುಕ್ಕುತ್ತೆ. ರಾತ್ರಿಯೆಲ್ಲ ಇಲ್ಲಿನ ಓಎಂಆರ್ ರಸ್ತೆಯಲ್ಲಿ ಊಟ ಹೊತ್ತು ಓಡೋ ಹುಡುಗರನ್ನ ನೋಡಿದರೆ, ನಮ್ಮ ಬೆಳಕಿಗಾಗಿ ಅವರ ದಾರಿ ಕತ್ತಲೆ ಮಾಡೋದು ನನಗಂತೂ ಒಪ್ಪಿಗೆಯಿಲ್ಲ.

ಪ್ಲಾಸ್ಟಿಕ್ ಲೆನ್ಸಿನ ಕಾರಾ? ಹಳದಿಯಾಗಿದ್ದರೆ ಉಜ್ಜಿಸಿ, ಪಾಲಿಷ್ ಮಾಡಿಸಿ, ಯುವಿ ಕೋಟಿಂಗ್ ಹಾಕಿಸಿ. ಆಮೇಲೆ ಗಾಡಿನ ಗೋಡೆ ಮುಂದೆ ನಿಲ್ಲಿಸಿ, ಲೋ ಬೀಮ್ ಎತ್ತರ ಸರಿಮಾಡಿಸಿ.