ಪಾರಿಜಾತದ ಸ್ಥಳಾಂತರ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳೆಯ ಮನೆಗಳ ಅಂಗಳದಲ್ಲಿ ಪಾರಿಜಾತದ ಗಿಡವನ್ನು ನಾವು ನೋಡಿಯೇ ಇರುತ್ತೇವೆ. ಮಲ್ಲಿಗೆಯ ಬಳಗಕ್ಕೆ ಸೇರಿದ ಈ ಗಿಡದ ಹೂವು ಸಂಜೆ ಅರಳಿ ಬೆಳಗಾಗುವಾಗ ನೆಲಕ್ಕುದುರುತ್ತದೆ. ಈಗ ಆ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಸಾಮಾನುಗಳನ್ನು ಲಾರಿಗೇರಿಸಿ ಹೊರಡಬಹುದು. ಅಜ್ಜಿ ನೆಟ್ಟ ಗಿಡವನ್ನೂ ಕೊಂಡೊಯ್ಯಬಹುದೆ?

ಕೊಂಡೊಯ್ಯಬಹುದು. ಆದರೆ ಹೀಗೆ ಎತ್ತಿ ನೆಟ್ಟ ಗಿಡಗಳಲ್ಲಿ ಎಷ್ಟೋ ಗಿಡಗಳು ಕೆಲವೇ ದಿನಗಳಲ್ಲಿ ಬಾಡುತ್ತವೆ. ಕೊಡಗಟ್ಟಲೆ ನೀರೆರೆದರೂ ಅವು ಸಾಯುವುದು ಬಾಯಾರಿಕೆಯಿಂದಲೇ! ಇದರ ಕಾರಣ ತಿಳಿದರೆ ನಾಟಿಯ ನಿಯಮಗಳು ತಾವಾಗಿಯೇ ಹೊಳೆಯುತ್ತವೆ.

ಎಲೆಗಳ ಸೂಕ್ಷ್ಮರಂಧ್ರಗಳಿಂದ ನೀರು ಆವಿಯಾಗಿ ಹೋಗುತ್ತಿರುತ್ತದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದಿರುವುದರಿಂದ, ಕಾಂಡದ ಸೂಕ್ಷ್ಮನಾಳಗಳಲ್ಲಿ ನೀರು ಹಗ್ಗದಂತೆ ಮೇಲಕ್ಕೆ ಸೆಳೆಯಲ್ಪಡುತ್ತದೆ. ಈ ವಾದವನ್ನು 1894ರಲ್ಲಿ ಡಿಕ್ಸನ್ ಮತ್ತು ಜಾಲಿ ಎಂಬ ವಿಜ್ಞಾನಿಗಳು ಮಂಡಿಸಿದರು. ಹಗ್ಗದ ಕೆಳತುದಿ ಬೇರಿನ ರೋಮಗಳಲ್ಲಿದೆ. ಅವು ಇರುವುದು ಎಳೆಯ ಬೇರುಗಳ ತುದಿಯ ಬಳಿಯಲ್ಲಿ. ಮೊದಲು ಗುದ್ದಲಿಗೆ ಬಲಿಯಾಗುವವೂ ಅವೇ. ಎಲೆಗಳ ಖರ್ಚು ಹಿಂದಿನಷ್ಟೇ, ಬೇರಿನ ವರಮಾನ ಅತ್ಯಲ್ಪ. ದಿವಾಳಿಯಾಗದೆ ಇನ್ನೇನು?

ಮೊದಲು ವರಮಾನದ ಏರ್ಪಾಡು. ಎತ್ತುವುದಕ್ಕೆ ಎರಡು ತಿಂಗಳು ಮುಂಚೆ, ಬುಡದಿಂದ 25 ಸೆಂ.ಮೀ. ದೂರದಲ್ಲಿ ಕಿರುಗಾಲುವೆ ತೋಡಿ, ಸಿಕ್ಕಿದ ಬೇರುಗಳನ್ನು ನಯವಾಗಿ ಕತ್ತರಿಸಿ, ಸಡಿಲ ಮಣ್ಣು ತುಂಬಿ ನೀರು ಹಾಕುತ್ತಿರಬೇಕು. ಕತ್ತರಿಸಿದಲ್ಲಿ ಹೊಸ ಬೇರುಗಳು ಒಡೆಯುತ್ತವೆ. ಆಮೇಲೆ ಕಾಲುವೆಯ ಹೊರಗಿನಿಂದ ಅಗೆದು, ಮಣ್ಣಿನ ಮುದ್ದೆಯನ್ನು ಗೋಣಿತಟ್ಟಿನಲ್ಲಿ ಬಿಗಿಯಬೇಕು. ಮುದ್ದೆ 60 ಸೆಂ.ಮೀ. ಅಗಲ, 40 ಸೆಂ.ಮೀ. ಆಳವಿದ್ದರೆ, ಘನಮೀಟರಿಗೆ 1600 ಕೆ.ಜಿ.ಯಂತೆ ಅದರ ತೂಕ ಸುಮಾರು 180 ಕೆ.ಜಿ.! ನಾಲ್ಕು ಜನರಾದರೂ ಬೇಕು.

ಇನ್ನು ಹೊಸ ನೆಲ. ಬೆಂಗಳೂರಿನ ಕೆಂಪು ಮಣ್ಣು ಪುರಾತನ ನೈಸ್ ಶಿಲೆ ಸವೆದು ಆದದ್ದು. ಒಣಗಿದರೆ ಅದು ಬಹಳ ಗಟ್ಟಿ. ಅಂಥ ನೆಲದಲ್ಲಿ ಗುಂಡಿ ತೋಡಿ ಗೊಬ್ಬರವನ್ನಷ್ಟೇ ತುಂಬಿದರೆ, ಗುಂಡಿಯೇ ತಳವಿಲ್ಲದ ದಾರಿಗೆ ಬದಲಾಗಿ ಮುಚ್ಚಿದ ಕುಂಡದಂತಾಗುತ್ತದೆ. ನೀರು ನಿಂತು ಬೇರಿಗೆ ಗಾಳಿ ಸಿಗದು. ಆದ್ದರಿಂದ ಗುಂಡಿ ಮುದ್ದೆಯ ಎರಡರಷ್ಟು ಅಗಲವಿರಲಿ, ಆಳ ಮುದ್ದೆಯಷ್ಟೇ ಇರಲಿ. ಪಕ್ಕಗಳನ್ನು ಹಾರೆಯಿಂದ ಒರಟು ಮಾಡಿ, ಗಾರೆ, ಸಿಮೆಂಟಿನ ಚೂರುಗಳನ್ನು ಆರಿಸಿ ತೆಗೆದು, ಅಗೆದ ಮಣ್ಣಿಗೇ ಸ್ವಲ್ಪ ಹಳೆಯ ಗೊಬ್ಬರ ಬೆರೆಸಿ ತುಂಬಬೇಕು. ಮಣ್ಣಿನ ಕಣಗಳ ನಡುವೆ ನೀರು ತೆಳುಪೊರೆಯಾಗಿ ಸಾಗುತ್ತದೆ. ದೊಡ್ಡ ಪೊಳ್ಳುಗಳಿದ್ದರೆ ಆ ಪೊರೆ ಕಡಿಯುತ್ತದೆ. ಆದಕಾರಣ ನೀರು ಹೊಯ್ದು ಮಣ್ಣನ್ನು ಕೂರಿಸಬೇಕು, ತುಳಿಯಬಾರದು.

ಕೊನೆಗೆ ಖರ್ಚಿನ ಕಡಿತ. ಮುಂಗಾರು ಹಿಡಿದ ಮೇಲೆ, ಮೋಡದ ಸಂಜೆಯಲ್ಲಿ ನೆಡಬೇಕು. ತೇವಭರಿತ ಗಾಳಿಯಲ್ಲಿ ಆವಿಯಾಗುವಿಕೆ ನಿಧಾನ. ಕೆಲವು ವಾರ ತೆಂಗಿನ ಗರಿಯ ನೆರಳಿರಲಿ. ರೆಂಬೆಗಳಲ್ಲಿ ಮೂರನೆಯ ಒಂದು ಭಾಗವನ್ನು ಸವರಬೇಕು. ಮೊದಲ ಸಲ ನಮಗೆ ಇದಕ್ಕೆ ಮನಸ್ಸೊಪ್ಪಲಿಲ್ಲ, ಗಿಡವೇ ಹೋಯಿತು. ಎರಡನೆಯದರ ರೆಂಬೆಗಳನ್ನು ಸವರಿ ನೆಟ್ಟೆವು. ತಿಂಗಳು ಕಳೆಯುವಷ್ಟರಲ್ಲಿ ಅದು ಚಿಗುರಿತು.

ಸಂದೇಹವಿರುವ ವಿದ್ಯಾರ್ಥಿಗಳು ಸಮನಾದ ಎರಡು ರೆಂಬೆಗಳನ್ನು ನೀರಿನ ಸೀಸೆಗಳಲ್ಲಿಟ್ಟು, ಮೇಲೆ ನಾಲ್ಕು ಹನಿ ಎಣ್ಣೆ ಬಿಟ್ಟು, ಒಂದರ ಅರ್ಧ ಎಲೆಗಳನ್ನು ಕೀಳಲಿ. ಸಂಜೆಯ ವೇಳೆಗೆ ಎರಡು ಸೀಸೆಗಳ ನೀರಿನ ಮಟ್ಟವೇ ಉತ್ತರ ಹೇಳುವುದು.